ಕುಡಿಯದೆ ಕೆಳಗಿಟ್ಟ ಬಟ್ಟಲು

ಅಮ್ಮಾನ್,
ಭಾನುವಾರ, 12 ಮೇ 1996

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮೊಣಕಾಲು ಹೇಗಿದೆ? ನೀವೀಗ ಕೆಲಸಕ್ಕೆ ಹೋಗಿರುವ ಸನಾ ಬಹಳ ಎತ್ತರದ ಊರು, ಅಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೂ ಉಸಿರು ಕಟ್ಟುತ್ತದೆ ಎಂದು ಯಾರೋ ಅಜ್ಜಿಯ ಕಿವಿಗೆ ಹಾಕಿದ್ದಾರೆ. ಮಾದಬಾದಿಂದ ಫೋನ್ ಮಾಡಿದಾಗಲೆಲ್ಲ ಅವಳದ್ದು ಒಂದೇ ಮಾತು: "ಗೋಪುರ ಹತ್ತಬೇಡ ಅಂತ ಬರಿಯೋ ಅವನಿಗೆ. ಅವನೇನು ಪಾರಿವಾಳವಾ?" ಬರೆದಿದ್ದೇನೆ. ನಾನು ಚೆನ್ನಾಗಿದ್ದೇನೆ. ಹಾಸ್ಟೆಲ್ ಊಟದ ಬಗ್ಗೆ ಉಳಿದ ಹುಡುಗರು ಗೊಣಗುತ್ತಾರೆ. ಒಂಬತ್ತು ವರ್ಷ ಇಂಗ್ಲೆಂಡಿನ ಹಾಸ್ಟೆಲ್ಲಿನಲ್ಲಿ ತಿಂದವನಿಗೆ ಇದು ಮದುವೆ ಮನೆ ಊಟ. ಗಣಿತದ ಪರೀಕ್ಷೆಯೊಂದೇ ಗಂಟಲಲ್ಲಿ ಇಳಿಯುತ್ತಿಲ್ಲ. ಅಮ್ಮ ಲೀಡ್ಸ್‌ನಿಂದ ಉಣ್ಣೆಯ ಕಾಲುಚೀಲ ಕಳಿಸಿದ್ದಾಳೆ, ಮೇ ತಿಂಗಳಲ್ಲಿ, ಅಮ್ಮಾನಿಗೆ!

ಈ ದೇಶಕ್ಕೆ ಕಂಪ್ಯೂಟರ್ ಜಾಲ ತಂದವರಿಗೆ ಕಾಗದದಲ್ಲಿ ಯಾಕೆ ಬರೆಯುತ್ತಾನೆ ಎಂದು ನಿಮಗೆ ನಗು ಬರಬಹುದು. ಇ-ಮೇಲ್ ಕಳಿಸಬಹುದಿತ್ತು. ಆದರೆ ಇಲ್ಲಿಂದ ಹೊರಡುವ ಪ್ರತಿಯೊಂದು ಮೇಲೂ ನಿಮ್ಮ ಶಿಷ್ಯ ನಿದಾಲ್ ನೋಡಿಕೊಳ್ಳುವ ಯಂತ್ರದ ಮೂಲಕವೇ ಹೋಗಬೇಕು. ಅವನು ಓದುವವನಲ್ಲ, ಗೊತ್ತು. ಆದರೂ ನನ್ನ ಅಪ್ಪನಿಗೆ ನಾನು ಆಡುವ ಮಾತು ಅವನ ಕೈ ದಾಟಿ ಹೋಗುವುದು ನನಗೆ ಬೇಡ. ಸನಾಕ್ಕೆ ಹೊರಟವರು ಯಾರಾದರೂ ಸಿಕ್ಕರೆ ಅವರ ಕೈಯಲ್ಲಿ ಕೊಡುತ್ತೇನೆ.

ಇಲ್ಲಿ ಮೊದಲ ಮಗ ಹುಟ್ಟಿದನೆಂದರೆ ಅಪ್ಪನ ಸ್ವಂತ ಹೆಸರು ಹಿಂದೆ ಸರಿಯುತ್ತದೆ. ನಮ್ಮ ಗೇಟಿನೆದುರಿನ ರೊಟ್ಟಿ ಅಂಗಡಿಯವನೂ ಅಬು ಸುಫ್ಯಾನ್, ಸುಫ್ಯಾನನ ಅಪ್ಪ. ಆ ಲೆಕ್ಕದಲ್ಲಿ ನೀವು ನನ್ನ ಹೆಸರಿನಿಂದ ಅಬು ಕಿನಾನ್ ಆಗಬೇಕಿತ್ತು. ಅಜ್ಜಿಯ ಬಾಯಿ ಬಿಟ್ಟರೆ ಬೇರೆ ಯಾರ ಬಾಯಲ್ಲೂ ನಾನದನ್ನು ಕೇಳಿಲ್ಲ. ಮೊದಲ ದಿನ, ನೀವು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರಕ್ಕೆ ಹೋಗಿ ಇಂಜಿನಿಯರ್ ಜರೀಸರ ಮಗ ಎಂದೆ. ಚಹಾ ಹಂಚುವ ಮುದುಕ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟ. "ಯಾವ ಜರೀಸು? ಓ, ಅಬು ಶಬಕಾ! ಜಾಲದ ಅಪ್ಪ! ಅಯ್ಯೋ, ಅವ್ರಿಗೆ ಮಗ ಬೇರೆ ಇದಾನಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮುಖ ತೊಳೆಯುವ ನೆಪದಲ್ಲಿ ಹೊರಗೆ ಹೋದೆ. ಹಳ್ಳಿ ಹಳ್ಳಿಗೆ ತಂತಿ ಎಳೆಸಿದಿರಿ, ಗುಡ್ಡಗಳ ಮೇಲೆ ಗೋಪುರ ನಿಲ್ಲಿಸಿದಿರಿ, ಟೆಲೆಕ್ಸ್ ಕಾಲಕ್ಕೆ ಟೆಲೆಕ್ಸ್, ಈಗ ಈ ಜಾಲ. ಮರುಭೂಮಿಯ ನಡುವಿನ ಪೊಲೀಸ್ ಠಾಣೆಗೂ ನಿಮ್ಮಿಂದ ಫೋನ್ ಬಂತಂತೆ. ನನ್ನ ಹಾಸ್ಟೆಲ್ಲಿನ ಮೆಟ್ಟಿಲ ಕೆಳಗಿದ್ದ ಫೋನಿಗೆ ಮಾತ್ರ ಶುಕ್ರವಾರದ ಮೂರು ನಿಮಿಷ. ಅದರಲ್ಲೂ ಅರ್ಧ "ಕೇಳಿಸ್ತಿದೆಯಾ? ಗೊರಗೊರ ಅಂತಿದೆಯಾ? ಯಾವ ಥರ ಗೊರಗೊರ?" ಎನ್ನುವುದರಲ್ಲೇ ಮುಗಿಯುತ್ತಿತ್ತು. ನಾನು ಮಗನೋ, ಲೈನ್ ಪರೀಕ್ಷೆಗೆ ಇಟ್ಟ ಯಂತ್ರವೋ?

ಮೊನ್ನೆ ಶುಕ್ರವಾರ ನಿಮ್ಮ ಸ್ನೇಹಿತ, ನಮ್ಮ ಕೇಂದ್ರದ ಮುಖ್ಯಸ್ಥರಾದ ಬುರ್ಹಾನ್ ಚಿಕ್ಕಪ್ಪ ಮನೆಗೆ ಊಟಕ್ಕೆ ಕರೆದಿದ್ದರು. ಬರುವ ಗುರುವಾರ ವಿಶ್ವವಿದ್ಯಾಲಯ ನಿಮ್ಮನ್ನು ಸನ್ಮಾನಿಸುತ್ತದೆ. ನೀವೋ, ಸನಾದ ಯಂತ್ರಗಳನ್ನು ಒಪ್ಪಿಸಿ ಬರಲು ನಂಬಿಕೆಯವರಿಲ್ಲ, ಬರಲಾರೆ ಎಂದು ತಿಳಿಸಿದ್ದೀರಿ. ನಿಮ್ಮ ಬದಲು ನಿದಾಲ್ ವೇದಿಕೆ ಹತ್ತುವುದು ಎಂದು ತೀರ್ಮಾನವಾಗಿತ್ತು. ಅವನೂ ಅಲ್ಲೇ ಕೂತಿದ್ದ, ಹೊಸ ಶರ್ಟ್ ಹಾಕಿಕೊಂಡು. ಚಿಕ್ಕಪ್ಪ ಎಲ್ಲರಿಗೂ, "ಜರೀಸ್‌ಗೆ ಇವನು ಮಗ ಇದ್ದಂಗೆ" ಎಂದರು. ಇದ್ದ ಮಗ ನಾನು ಎದುರಿಗೇ ಕೂತಿದ್ದೆ. ಅಷ್ಟರಲ್ಲಿ ನನ್ನ ಕೈಗೆ ಕಹಿ ಕಾಫಿಯ ಬಟ್ಟಲು ಬಂತು. ಹಿಡಿಯಿಲ್ಲದ ಪುಟ್ಟ ಬಟ್ಟಲು, ಹಿಡಿಯಲು ಬರಲಿಲ್ಲ, ಚೆಲ್ಲೀತು ಎಂದು ಹೆದರಿ ಕುಡಿಯದೆ ಕೆಳಗಿಟ್ಟೆ. ಅಷ್ಟೇ ನಾನು ಮಾಡಿದ್ದು! ಎಲ್ಲರೂ ಕುಡಿಯುವುದು ಬಿಟ್ಟು ನನ್ನ ಬಟ್ಟಲನ್ನೇ ನೋಡಿದರು. ಇಂಗ್ಲೆಂಡಿನಲ್ಲಿ ಚಹಾ ಕೆಳಗಿಟ್ಟರೆ ಚಹಾ ಆರುತ್ತದೆ, ಬೇರೇನೂ ಆಗುವುದಿಲ್ಲ. ನಾನು "ಇಲ್ಲ, ಏನಿಲ್ಲ, ಸುಮ್ನೆ" ಎಂದು ತೊದಲಿದೆ. ಚಿಕ್ಕಪ್ಪ ನನ್ನ ಭುಜದ ಮೇಲೆ ಕೈಯಿಟ್ಟು, "ನಾಚ್ಕೋಬೇಡ ಮಗಾ, ಅರ್ಥ ಆಯ್ತು. ಗುರುವಾರ ವೇದಿಕೆ ಹತ್ತೋನು ನೀನೇ. ಈಗ ಕುಡಿ, ಆರೋಗತ್ತೆ" ಎಂದರು. ಕುಡಿದೆ. ಎಲ್ಲರೂ ಉಸಿರು ಬಿಟ್ಟರು. ನಿದಾಲ್ ತನ್ನ ಬೂಟು ನೋಡುತ್ತ ಕೂತ.

ಏನಾಯಿತೆಂದು ಗೊತ್ತಾದದ್ದು ಅಜ್ಜಿಗೆ ಫೋನ್ ಮಾಡಿದ ಮೇಲೆ. ಕೆಮ್ಮು ಬರುವಷ್ಟು ನಕ್ಕಳು. "ಕಾಫಿ ಕೆಳಗಿಟ್ಟೆ ಅಂದ್ರೆ ಏನೋ ಕೇಳೋಕೆ ಬಂದಿದೀಯ ಅಂತ ಅರ್ಥ ಕಣೋ! ಕೊಡ್ತೀನಿ ಅನ್ನೋವರ್ಗೂ ಕುಡಿಯೋ ಹಂಗಿಲ್ಲ. ಕೊಡಲ್ಲ ಅಂದ್ರೆ ಮನೆ ಯಜಮಾನನ ಮಾನ ಹೋಯ್ತು. ನಿಮ್ಮಜ್ಜ ನನ್ನ ಕೇಳಿದ್ದೂ ಹಂಗೇ!" ನಾನು ಕೇಳಿರಲಿಲ್ಲ ಅಪ್ಪಾ. ಆದರೆ ವೇದಿಕೆ ಬೇಡವೆಂದು ಹೇಳಲು ಮರುದಿನ ಚಿಕ್ಕಪ್ಪನ ಬಾಗಿಲವರೆಗೂ ಹೋಗಿ, ತಟ್ಟದೆ ವಾಪಸ್ ಬಂದೆ. ಬಾಯಿ ಬಿಟ್ಟು ಕೇಳಲಾರದ್ದನ್ನು ಆ ಬಟ್ಟಲು ಕೇಳಿತ್ತು.

ವೇದಿಕೆ ಸಿಕ್ಕಿತು, ಅಲ್ಲಿ ನಿಂತು ಏನು ಮಾತಾಡಲಿ? ನಿಮ್ಮ ಕೆಲಸದ ಬಗ್ಗೆ ನನಗೆ ಗೊತ್ತಿರುವುದು ಗೊರಗೊರ ಒಂದೇ. ನಿನ್ನೆ ಮಧ್ಯಾಹ್ನ ನಾಚಿಕೆ ಬಿಟ್ಟು ನಿದಾಲ್ ಹತ್ತಿರವೇ ಹೋದೆ. "ಬಾ ಬಾ, ಇಂಗ್ಲಿಷ್ ದೊರೆ! ಇವತ್ತು ಏನು ಕೆಳಗಿಡೋಕೆ ಬಂದೆ?" ಎಂದ. ಆದರೂ ಕುರ್ಚಿ ಕೊಟ್ಟ, ಹೇಳಿದ. ಮೋಡೆಮ್ ಕೂಗುವುದು ಕೇಳಿಯೇ ಈ ಸಂಪರ್ಕ ನಿಲ್ಲುತ್ತದೋ ಬೀಳುತ್ತದೋ ಎಂದು ನೀವು ಹೇಳಿಬಿಡುತ್ತಿದ್ದಿರಂತೆ. ಆ ಕೂಗನ್ನು ಅವನು ಬಾಯಲ್ಲೇ ಮಾಡಿ ತೋರಿಸುತ್ತಾನೆ. ರೊಟ್ಟಿಗೆ ಝಾತರ್ ಸೊಪ್ಪಿನ ಪುಡಿ ಹಚ್ಚಿ ಅರ್ಧ ನೀವು ತಿಂದು, ಅರ್ಧ ಅವನ ಬಾಯಿಗೆ ತುರುಕುತ್ತಿದ್ದಿರಂತೆ. ಮೊದಲ ಸಂದೇಶ ಹೊರದೇಶ ಮುಟ್ಟಿದಾಗ ಚಹಾದ ಮುದುಕನನ್ನು ಎತ್ತಿಕೊಂಡು ಕುಣಿದಿರಂತೆ, ಮೊಣಕಾಲು ಉಳುಕಿದ್ದು ಆಗಲೇ ಅಂತೆ. ನಮಗೆ ಗೋಪುರದಿಂದ ಜಾರಿದ್ದು ಎಂದಿದ್ದಿರಿ! ಇದನ್ನೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಬೈಗುಳ. ಒಮ್ಮೆ ಅವನು ತಪ್ಪು ತಂತಿ ಕಿತ್ತಾಗ ಕತ್ತಿನ ಹಿಂದೆ ಒಂದೇಟು ಕೊಟ್ಟು, "ಕತ್ತೆ, ಈ ತಂತಿ ನಿಮ್ಮಪ್ಪ ಎಳೆಸಿದ್ದೇನೋ?" ಎಂದಿರಂತೆ. ಹೇಳುತ್ತ ಅವನು ಆ ಏಟು ಬಿದ್ದ ಜಾಗವನ್ನು ಸವರಿಕೊಂಡ, ಪದಕ ಸವರಿಕೊಂಡ ಹಾಗೆ. ಅಪ್ಪಾ, ನನಗೆ ಇಲ್ಲಿಯವರೆಗೆ ನೀವು ಒಂದು ಸಲವೂ ಬೈದಿಲ್ಲ. ಆ ಮೂರು ನಿಮಿಷದಲ್ಲಿ ಬೈಯಲು ಪುರುಸೊತ್ತು ಎಲ್ಲಿತ್ತು? ಆ ಕತ್ತೆಯನ್ನು ನೋಡಿ ನನಗೆ ಎಷ್ಟು ಹೊಟ್ಟೆ ಉರಿಯಿತೆಂದರೆ ಅಲ್ಲಿಂದ ಎದ್ದೇ ಬಂದೆ.

ಇರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅಜ್ಜಿ ನಿಮ್ಮ ಎರಡೂ ಕಣ್ಣಿಗೆ ಮುತ್ತು ಕಳಿಸಿದ್ದಾಳೆ, ಮೊಣಕಾಲಿಗೆ ದೇವರ ಕಾವಲು ಬೇಡಿದ್ದಾಳೆ. ನಾನು ನಿಮ್ಮ ಕೈಗೆ ಮುತ್ತಿಡುತ್ತೇನೆ.

ನಿಮ್ಮ ಮಗ,
ಕಿನಾನ್

ಸಹಿ ಹಾಕಿದ ಮೇಲೆ ಇನ್ನೊಂದು ಮಾತು: ಈಗಷ್ಟೇ ನಿದಾಲ್ ಹಾಸ್ಟೆಲ್ಲಿಗೆ ಬಂದ. ಕಾಫಿ ಮಾಡಿಕೊಟ್ಟೆ. ಕುಡಿಯದೆ ಕೆಳಗಿಟ್ಟ! "ಕುಡಿಯೋ ಮಾರಾಯ, ಏನು ಬೇಕೋ ತಗೋ" ಎಂದೆ. "ನಾನು ಇವತ್ತೇ ಸನಾಕ್ಕೆ ಹೋಗ್ತೀನಿ, ಯಂತ್ರ ನೋಡ್ಕೊಳ್ತೀನಿ. ನನಗಾದ್ರೆ ಒಪ್ಪಿಸ್ತಾರೆ. ಆದ್ರೆ ಗುರುವಾರಕ್ಕೆ ಬನ್ನಿ ಅಂತ ಅವ್ರಿಗೆ ನೀನು ಬರಿ. ನಾನು ಕರೆದ್ರೆ ಬೈದು ಸುಮ್ನಾಗಿಸ್ತಾರೆ" ಎಂದ. ಕೆಳಗೆ ಟ್ಯಾಕ್ಸಿ ಹಾರ್ನ್ ಮಾಡುತ್ತಿದೆ. ಕಾಗದ ಕೊನೆಗೂ ಅವನ ಕೈ ದಾಟಿಯೇ ಬರುತ್ತಿದೆ. ಅವನನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ. ಅವನು ತನ್ನ ಬಟ್ಟಲು ಖಾಲಿ ಮಾಡಿದ. ನನ್ನದು ಇಲ್ಲಿ ಮೇಜಿನ ಮೇಲಿದೆ, ತುಂಬಿದ್ದು ತುಂಬಿದ ಹಾಗೆ. ನಿಮ್ಮ ಮುಂದೆ ಇಟ್ಟಿದ್ದೇನೆಂದು ತಿಳಿಯಿರಿ. ಗುರುವಾರ ನೀವೇ ವೇದಿಕೆ ಹತ್ತಿ, ಕಾಫಿ ಬಟ್ಟಲು ಹಿಡಿಯಲೂ ಬರದ ಕತ್ತೆ ಎಂದು ಎಲ್ಲರ ಮುಂದೆ ನನಗೆ ಬೈಯಿರಿ. ಅಲ್ಲಿಯವರೆಗೆ ಇದನ್ನು ಕುಡಿಯುವುದಿಲ್ಲ.