ಕೆರೆಗೋಡು ಇನ್ನು ಮುಟ್ಟಲ್ಲ ಅತ್ತೆ

ಅತ್ತೇ,

ಬೈಯೋದಾದ್ರೆ ಮೊದಲೇ ಬೈದುಬಿಡಿ, ಆಮೇಲೆ ಕೇಳಿ. ಉಳಿದಿದ್ದ ನಿಮ್ಮ ಕೊನೇ ಗುಂಡುಬದನೆ ಬೀಜನ ನಾನು ಮಣ್ಣಿಗೆ ಹಾಕಲಿಲ್ಲ. ತೆಂಗಿನ ನಾರಿನ ಪುಡಿಗೆ ಹಾಕಿದೆ. ಅದೂ ಅಡುಗೆಮನೆ ಒಳಗೆ, ಫ್ರಿಜ್ಜಿನ ಮೇಲೆ!

ನೆನಪಿದೆಯಾ, ಒಂದ್ಸಲ ನಾನು ಆ ಪುಡಿ ಒತ್ತಿ ಮಾಡಿದ ಇಟ್ಟಿಗೆ ತಂದಾಗ ನೀವು ಜಗಲಿ ಮೇಲೆ ಕೂತು ಬೀದಿಗೆಲ್ಲಾ ಕೇಳೋ ಹಾಗೆ ಕೂಗಿದ್ದು? "ನೋಡ್ರಪ್ಪಾ, ನಮ್ ಸೊಸೆ ಕಾಸು ಕೊಟ್ಟು ಕಸ ತಂದವ್ಳೆ! ವರ್ತೂರಲ್ಲಿ ಕೆರೆಗೋಡು ಇರೋವಾಗ ಇಂಗಾ ಮಾಡಾದು?" ನಾನು ಇಟ್ಟಿಗೇನ ಅಟ್ಟಕ್ಕೆ ಎಸೆದೆ. ಕೆರೆ ಬತ್ತಿದಾಗ ತಳದ ಗೋಡು ಹೊತ್ತು ತಂದು, ಅದರಲ್ಲೇ ಬೀಜ ಚೆಲ್ಲಿ ಸಸಿ ಮಾಡೋದು ನಿಮ್ಮ ಅತ್ತೆ ಕಾಲದಿಂದ ನಡೆದು ಬಂದಿದ್ದು. ಅದನ್ನ ಮೀರೋಕೆ ನಾನ್ಯಾವಳು?

ನೀವು ಹೋದ್ಮೇಲೆ ಡಬ್ಬಿಯಲ್ಲಿ ಉಳಿದಿದ್ದ ಬೀಜದಲ್ಲಿ ಅರ್ಧ ತೆಗೆದು, ನೀವು ಹೇಳ್ತಿದ್ದ ಹಾಗೇ ಕೆರೆಗೋಡಿಗೆ ಹಾಕಿದೆ. ಊರ ಕೊಳಚೆಯೆಲ್ಲಾ ಸೇರಿ ಆ ಕೆರೆ ಈಗ ನೊರೆ ಕಾರುತ್ತೆ ಅತ್ತೆ. ಗೋಡು ಒಣಗಿದ್ರೆ ಸಿಮೆಂಟು, ನೀರು ಹಾಕಿದ್ರೆ ಗಬ್ಬುನಾತ. ತಲೆ ಎತ್ತಿದ ಒಂದೆರಡು ಮೊಳಕೇನೂ ಬುಡ ಕೊಳೆತು ಬಿದ್ದೋದ್ವು. ಟೆರೇಸ್ ಮೇಲೆ ಕೂತು ಅತ್ತುಬಿಟ್ಟೆ. ಆ ತಳಿ ಇನ್ಯಾರ ಮನೇಲೂ ಇಲ್ಲ. ಉಳಿದ ಅರ್ಧಾನೂ ಹೋಗಿದ್ರೆ...

ನಿಮ್ಮ ಮಗ ಏನಂದ್ರು ಗೊತ್ತಾ? "ಬಿಡೇ, ನರ್ಸರಿಯಿಂದ ಸಸಿ ತಂದ್ರಾಯ್ತು. ಬದನೆಕಾಯಿ ಎಲ್ಲಾ ಒಂದೇ ಅಲ್ವಾ?" ಮೈಯೆಲ್ಲಾ ಉರಿದುಹೋಯ್ತು. "ನಿಮ್ಮಮ್ಮನ ಅವರೆಕಾಳು ಬದನೆಕಾಯಿ ಸಾರು ಉಂಡ ನಾಲಿಗೆ ಹೇಳೋ ಮಾತಾ ಇದು?" ಅಂದೆ.

ಅವತ್ತೇ ಆ ಇಟ್ಟಿಗೇನ ಅಟ್ಟದಿಂದ ಇಳಿಸಿ ನೆನೆಸಿದೆ. ಬಕೆಟ್ ತುಂಬ ಉಬ್ಬಿತು. ಉಪ್ಪಿನಂಶ ಹೋಗೋವರೆಗೂ ತೊಳೆದು, ಹಿಂಡಿ, ಒಂದಿಷ್ಟು ಎರೆಗೊಬ್ಬರ ಬೆರೆಸಿ, ತಳ ತೂತು ಮಾಡಿದ ಕಾಗದದ ಲೋಟಗಳಿಗೆ ತುಂಬಿ, ಉಳಿದ ಬೀಜ ಊರಿದೆ. ಹೊರಗೆ ಚಳಿ, ಜೊತೆಗೆ ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಕಟ್ಟೋರ ಧೂಳು. ಫ್ರಿಜ್ಜಿನ ಮೇಲಾದ್ರೆ ಬೆಚ್ಚಗಿರುತ್ತೆ. ದಿನಾ ನಿಮ್ಮ ಫೋಟೋ ಎದುರಿಗೇ ನೀರು ಚಿಮುಕಿಸ್ತಿದ್ದೆ, ಬೇಕಂತಲೇ. ನೀವು ನೋಡ್ಲಿ ಅಂತ!

ನಿನ್ನೆ ಬೆಳಿಗ್ಗೆ ಮೇಲಿನ ಮನೆ ಬಾಡಿಗೆಯವಳು, ರಾಯಚೂರಿನ ಶರಣಮ್ಮ, ಹಾಲಿಗೆ ಹೆಪ್ಪು ಕೇಳೋಕೆ ಬಂದಿದ್ಲು. ಬಂದವಳೇ ಕೂಗಿದ್ಲು: "ಅಕ್ಕಾರ, ಬಂದಾವ ನೋಡ್ರೀ! ಎಲ್ಲಾ ಲೋಟದಾಗೂ ಬಂದಾವ!" ಸ್ಟೂಲ್ ಹತ್ತಿ ನೋಡಿದೆ. ನೆಟ್ಟಗೆ, ಹಸಿರಾಗಿ ನಿಂತಿದ್ವು. ತಕ್ಷಣ ಬಿಸಿಲು ಬೀಳೋ ಕಿಟಕಿಗೆ ಸಾಗಿಸಿದೆ.

ದೊಡ್ಡವಾದ್ಮೇಲೆ ಕೆಂಪು ಮಣ್ಣಿಗೆ ಇಳಿಸ್ತೀನಿ. ಒಳ್ಳೇ ಕಾಯಿ ನೋಡಿ ಗಿಡದಲ್ಲೇ ಹಣ್ಣಾಗೋಕೆ ಬಿಟ್ಟು, ಮುಂದಿನ ವರ್ಷಕ್ಕೆ ಬೀಜ ಎತ್ತಿಡ್ತೀನಿ. ನೀವಿದ್ದಿದ್ರೆ ಈ ಸಲಾನೂ ಜಗಳ ಆಗ್ತಿತ್ತು, ನಾನೇ ಸೋಲ್ತಿದ್ದೆ. ನಿಮ್ಮ ಮಾತು ಮೀರಿದೆ ಅತ್ತೆ. ಅದಕ್ಕೇ ನಿಮ್ಮ ಬದನೆ ಬದುಕಿದೆ.

ನಿಮ್ಮ ಸೊಸೆ,
ಗೌರಿ