ತುಂಬಿದ ತಂಬಿಗೆ ಮತ್ತು ಡೀಸೆಲ್ ಕಾರು

ಮಿಯಾಪುರ, ಹೈದರಾಬಾದ್
3 ಜೂನ್ 2018, ರವಿವಾರ

ಚಿ. ಸೌ. ಶೈಲಶ್ರೀಗೆ,

ನಿನ್ನ ಅವ್ವ ಬೀದರಿನ ದಿಕ್ಕಿಗೆ ಮುಖ ಮಾಡಿ ಮನಸಾರೆ ಹರಸಿದ್ದಾಳೆ ಎಂದು ತಿಳಿ. ಅಳಿಯಂದಿರು ಶರಣಕುಮಾರರಿಗೂ ತಿಳಿಸು.

ಪತ್ರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಾವಿಬ್ಬರೂ ಕ್ಷೇಮ ಎಂದು ಬರೆದು ಶುರುಮಾಡಬೇಕೆಂದು ಎರಡು ಸಲ ಕುಳಿತೆ. ಬರೆಯುವ ಮೊದಲೇ ಆ ಮಾತಿನ ಮೇಲೆ ಸಂಶಯ ಬಂದು ಪೆನ್ನು ಕೆಳಗಿಟ್ಟೆ. ಫೋನಿದ್ದೂ ಇದೇನು ಪತ್ರ ಎಂದು ನಗಬೇಡ. ಈ ಫ್ಲ್ಯಾಟಿನಲ್ಲಿ ನಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಹಾಲಿನಲ್ಲಿ ಪೇಪರ್ ಓದುವ ನಿನ್ನ ಅಪ್ಪನಿಗೆ ಕೇಳಿಸುತ್ತದೆ. ಇದು ಅವರ ಕಿವಿಗೆ ಬೀಳಬಾರದ ಸುದ್ದಿ. ಅವರು ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ.

ಶುರುವಾದದ್ದು ಕಾರಿನಿಂದ. ಬಾಲಾನಗರದ ಕಾರ್ಖಾನೆಗೆ ಇಷ್ಟು ವರ್ಷ ಸ್ಕೂಟರಿನಲ್ಲೇ ಹೋಗಿ ಬಂದ ಮನುಷ್ಯ ಹೋದ ತಿಂಗಳು ಊಟಕ್ಕೆ ಕುಳಿತಾಗ ಒಮ್ಮೆಲೇ, "ಒಂದು ಸಣ್ಣ ಕಾರ್ ತಗೋಬೇಕಂತ ಮಾಡೀನಿ. ಡೀಸೆಲ್" ಎಂದರು. ಕಾರು ಬೇಕು ಕಾರು ಬೇಕು ಎಂದು ನಾನು ಬಾಯಿ ನೋಯಿಸಿಕೊಂಡ ಕಾಲದಲ್ಲಿ, ತಂದು ಎಲ್ಲಿ ನಿಲ್ಲಿಸುವುದು ಎಂದು ನನ್ನ ಬಾಯಿ ಮುಚ್ಚಿಸಿದವರು ಇವರೇ. ಈಗ ಜಾಗ ಎಲ್ಲಿಂದ ಬಂತು? ಕೇಳಿದರೆ ಇನ್ನೊಂದು ರೊಟ್ಟಿ ಹಾಕು ಅಂದರು. ರೊಟ್ಟಿ ಹಾಕಿದೆ, ಆದರೆ ಸಂಶಯ ಬಿಡಲಿಲ್ಲ.

ಶೋರೂಮಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಗಗನ ಎಂಬ ಸೇಲ್ಸ್‌ನವನು ಮೊದಲು ತೆಲುಗಿನಲ್ಲಿ ಶುರುಮಾಡಿ, ನಾವು ಕನ್ನಡದವರು ಎಂದು ಗೊತ್ತಾಗುತ್ತಲೇ, "ನಮ್ದೂ ರಾಯಚೂರ್ ಕಡೇನ ರಿ ಅಮ್ಮಾರ" ಎಂದು ಚಹಾ ತರಿಸಿದ. ಇಷ್ಟು ಬೇಗ ನೆಂಟನಾದವನನ್ನು ನಾನು ನಂಬುವವಳಲ್ಲ. ಆದರೆ ಅವನು ಹೇಳಿದ್ದು ನನಗೆ ನ್ಯಾಯವಾಗಿಯೇ ಕಂಡಿತು. "ಡೀಸೆಲ್ ಗಾಡಿಗೆ ರೊಕ್ಕ ಜಾಸ್ತಿ ರಿ. ದೂರ ಓಡಾಡೋರಿಗೆ ಗಿಟ್ಟತೈತಿ, ಊರಾಗ ಅಡ್ಡಾಡೋರಿಗೆ ಪೆಟ್ರೋಲ ಸಾಕು. ನೀವು ತಿಂಗಳಿಗೆ ಎಷ್ಟು ಓಡಸ್ತೀರಿ?"

ಕಾರ್ಖಾನೆ ಇಲ್ಲೇ ಐತಿ ಎಂದು ನಾನು ಹೇಳುವಷ್ಟರಲ್ಲಿ ನಿನ್ನ ಅಪ್ಪ, "ಹದಿನೈದು ನೂರು ಕಿಲೋಮೀಟರ್ ಹಿಡೀರಿ" ಎಂದುಬಿಟ್ಟರು.

ಎಲ್ಲಿಗೆ ಶೈಲಾ, ಹದಿನೈದು ನೂರು ಕಿಲೋಮೀಟರ್? ತರಕಾರಿ ತರಲಿಕ್ಕೋ? ದಾರಿಯಲ್ಲಿ, "ಎಲ್ಲಿಗಿ ಹೋಗೂದೈತ್ರಿ ಅಷ್ಟು ದೂರ?" ಎಂದು ಕೇಳಿದೆ. "ಇರಲಿ ಬಿಡು, ಮುಂದ ಬೇಕಾಗತೈತಿ" ಎಂದು ಮುಖ ತಿರುಗಿಸಿ ಕಿವಿ ತುರಿಸಿಕೊಂಡರು. ಸುಳ್ಳು ಹೇಳುವಾಗ ಅವರು ಹಾಗೆಯೇ ಮಾಡುತ್ತಾರೆ. ನೀನೂ ನೋಡಿದ್ದೀ.

ಇನ್ನೊಂದು ಇದೆ. ಈಚೆಗೆ ಶನಿವಾರ ಬಂದರೆ ಓವರ್‌ಟೈಮ್ ಎಂದು ಬೆಳಗ್ಗೆಯೇ ಹೋಗಿ ಕತ್ತಲಾದ ಮೇಲೆ ಬರುತ್ತಾರೆ. ಲೇತ್ ಮಷೀನುಗಳ ನಡುವೆ ನಿಂತು ಬಂದವರ ಅಂಗಿ ಎಣ್ಣೆಯ ವಾಸನೆ ಹೊಡೆಯಬೇಕು. ಶನಿವಾರದ ಅಂಗಿ ಫಿನೈಲ್ ವಾಸನೆ ಹೊಡೆಯುತ್ತದೆ. ಅದು ದವಾಖಾನೆಯ ವಾಸನೆ. ಅವರಿಗೇ ಏನಾದರೂ ಆಗಿದೆಯೇ? ದೂರದ ಯಾವುದೋ ಡಾಕ್ಟರ ಹತ್ತಿರ ಒಬ್ಬರೇ ಓಡಾಡುತ್ತಿದ್ದಾರೆಯೇ? ನನಗೆ ಹೇಳಿದರೆ ಹಾಸಿಗೆ ಹಿಡಿಯುತ್ತಾಳೆ ಎಂಬ ಅಂಜಿಕೆ ಇರಬೇಕು. ಎರಡು ಸಲ ನಿನ್ನ ಬಸಿರು ನಿಲ್ಲದೆ ಹೋದಾಗ ನಾನು ಅನ್ನನೀರು ಬಿಟ್ಟು ಮಲಗಿದ್ದು ಅವರು ಮರೆತಿಲ್ಲ. ನೋವುಂಡವಳು ನೀನು, ಎದ್ದು ಬಂದು ನನಗೆ ಗಂಜಿ ಕುಡಿಸಿದವಳೂ ನೀನೇ.

ನೀನೇ ಅಪ್ಪನನ್ನು ಮೆಲ್ಲಗೆ ಕೇಳಿ ನೋಡು. ನಿನ್ನ ಹತ್ತಿರ ಅವರು ಏನೂ ಮುಚ್ಚಿಡುವುದಿಲ್ಲ. ನನಗೆ ನಿದ್ದೆ ಹತ್ತುತ್ತಿಲ್ಲ.

ನಿನ್ನ ಅವ್ವ,
ಶಿವದೇವಿ

ತಾ.ಕ.: ಈ ಸಲದ ಮಾವಿನಕಾಯಿ ಉಪ್ಪಿನಕಾಯಿ ಭರಣಿ ಆಗಲೇ ಅರ್ಧಕ್ಕೆ ಇಳಿದಿದೆ. ಪಿತ್ತ ಎಂದು ನಿನ್ನ ಅಪ್ಪ ಹುಳಿ ಮುಟ್ಟುವುದಿಲ್ಲ. ಕೆಲಸದವಳ ಮೇಲೆ ಒಂದು ಕಣ್ಣಿಟ್ಟಿದ್ದೇನೆ.


ಮಿಯಾಪುರ
24 ಜೂನ್ 2018, ರವಿವಾರ

ಪ್ರೀತಿಯ ಶೈಲಾ,

ಹರಕೆ ಇದ್ದೇ ಇದೆ. ಪತ್ರಕ್ಕೆ ಪತ್ರ ಬರೆಯದೆ ಫೋನು ಮಾಡಿದ್ದಕ್ಕೆ ಸಿಟ್ಟಿಲ್ಲ. ಆದರೆ ನೀನು ಆಡಿದ್ದು ಒಂದೇ ಮಾತು: "ಅವ್ವಾ, ಅಪ್ಪ ಹೇಳಿದ್ದ ತಗೋರಿ, ಡೀಸೆಲ್ ಭಾಳ ಛಲೋ." ಕಾರೆಂದರೆ ಬಣ್ಣ ಬಿಟ್ಟು ಬೇರೇನೂ ಗೊತ್ತಿಲ್ಲದ ನೀನು ಡೀಸೆಲ್ ಛಲೋ ಎಂದಾಗ ಸಮಾಧಾನವಾಗುವ ಬದಲು ನನ್ನ ಸಂಶಯದ ಲೆಕ್ಕದಲ್ಲಿ ಇನ್ನೊಬ್ಬರು ಸೇರಿದರು. ಮತ್ತೆ ಉತ್ತರ ಬರೆಯಲು ಇಷ್ಟು ದಿನ ಹಿಡಿದದ್ದು ಅದಕ್ಕೇ.

ಕಾರಿನ ಕತೆ ಕೇಳು. ಹೋದ ರವಿವಾರ ಓಡಿಸಿ ನೋಡಲು ಹೋದೆವು. ಮನೆ ಬಿಡುವಾಗ ನಿನ್ನ ಅಪ್ಪ ಸ್ಟೀಲಿನ ತಂಬಿಗೆಯೊಂದನ್ನು ಚೀಲದಲ್ಲಿ ಹಾಕಿಕೊಂಡರು. ಪೂಜೆಗೆ ಇರಬೇಕು ಎಂದುಕೊಂಡೆ. ಶೋರೂಮಿನಲ್ಲಿ ಅದಕ್ಕೆ ಕಂಠದವರೆಗೆ ನೀರು ತುಂಬಿ, ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತೊಡೆಯ ಮೇಲೆ ಇಟ್ಟು, "ಗಟ್ಟಿ ಹಿಡೀಬ್ಯಾಡ, ಸುಮ್ಮನ ಕೈ ಹಚ್ಚಿರು. ಎಷ್ಟು ಚೆಲ್ಲತೈತಿ ನೋಡೂಣು" ಎಂದರು. ಬಾಲಾನಗರದಲ್ಲಿ ಫ್ಲೈಓವರಿಗೆಂದು ರಸ್ತೆ ಅಗೆದುಹಾಕಿದ್ದಾರಲ್ಲ, ಕಾರ್ಖಾನೆಯ ವ್ಯಾನು ಓಡಿಸಿ ಕೈ ಪಳಗಿದ ಈ ಮನುಷ್ಯ ಬೇಕೆಂದೇ ಆ ತಗ್ಗುದಿನ್ನೆಯಲ್ಲೇ ಓಡಿಸಿದರು. ಮೊದಲನೆಯ ಕಾರಿನಲ್ಲಿ ನನ್ನ ಇಳಕಲ್ ಸೀರೆ ತೊಯ್ದು ತೊಪ್ಪೆಯಾಯಿತು. ಎಲ್ಲಕ್ಕಿಂತ ಅಗ್ಗದ್ದು ಅದೇ ಆಗಿದ್ದರೂ ಬೇಡ ಎಂದರು. ಎರಡನೆಯದರಲ್ಲಿ ಅರ್ಧ ಚೆಲ್ಲಿತು, ಅದೂ ಬೇಡ. ಮೂರನೆಯ ಬೂದುಬಣ್ಣದ್ದರಲ್ಲಿ ನಾಲ್ಕು ಹನಿ ಬಿತ್ತು. ಇಳಿದು ಬಂದು ತಂಬಿಗೆಯೊಳಗೆ ಬಗ್ಗಿ ನೋಡಿದ ಅವರ ಮುಖ ನೋಡಬೇಕಿತ್ತು ನೀನು. ಬೋನಸ್ ಬಂದ ದಿನವೂ ಅಷ್ಟು ಅರಳಿರಲಿಲ್ಲ.

ಗಗನ ತಲೆ ಕೆರೆದುಕೊಂಡು, "ಸರ್, ಮೈಲೇಜ್ ಕೇಳ್ತಾರ, ಎಸಿ ಕೇಳ್ತಾರ. ತಂಬಿಗಿ ತಂದವ್ರನ್ನ ನಾ ಇವತ್ತ ನೋಡಿದ್ದು" ಎಂದ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಬಗ್ಗದೆ ಕೂರಬಹುದೇ, ಸೀಟಿನ ಮೇಲೆ ಕಾಲು ಚಾಚಲು ಬರುತ್ತದೆಯೇ, ಇವೇ ನಿನ್ನ ಅಪ್ಪನ ಪ್ರಶ್ನೆಗಳು. ನಾನು, "ಅಲುಗಬಾರದು ಅಂದ್ರ ಪೆಟ್ರೋಲ ತಗೋರಿ, ಡೀಸೆಲ್ ಎಂಜಿನ್ನೂ ನಡುಗತೈತಿ" ಎಂದೆ. "ದೂರ ಐತಿ ಶಿವದೇವಿ, ಪೆಟ್ರೋಲ್ ಪೂರೈಸೂದಿಲ್ಲ" ಎಂದರು, ಎಂದವರೇ ನಾಲಿಗೆ ಕಚ್ಚಿಕೊಂಡರು. ಕೊನೆಗೆ ಆ ಬೂದುಬಣ್ಣದ ಡೀಸೆಲ್ಲನ್ನೇ ಬುಕ್ ಮಾಡಿದರು. ನಮ್ಮ ಬಜೆಟ್ ದಾಟಿತು, ಅದಕ್ಕೆ ಮ್ಯೂಸಿಕ್ ಸಿಸ್ಟಂ ಬೇಡವೆಂದರು, ಸೀಟ್ ಕವರೂ ಬೇಡವೆಂದರು. "ಈ ತಿಂಗಳ ಕಡೀ ಶನಿವಾರದ ತನಕ ಮನಸು ಬದಲಾದ್ರ ಹೇಳ್ರಿ, ಇದರಾಗ ಪೆಟ್ರೋಲೂ ಐತಿ. ಆಮ್ಯಾಲ ಬದಲಿ ಮಾಡಾಕ ಬರೂದಿಲ್ಲ" ಎಂದು ಗಗನ ನನ್ನ ಮುಖ ನೋಡಿಯೇ ಹೇಳಿದ. ಹುಡುಗ ನಾನು ತಿಳಿದಷ್ಟು ಕೆಟ್ಟವನಲ್ಲ.

ಮನೆಗೆ ಬಂದು ಯೋಚಿಸುತ್ತಲೇ ಇದ್ದೆ. ಅಲುಗಬಾರದಂಥ ಏನನ್ನು ಈ ಮನುಷ್ಯ ದೂರ ಸಾಗಿಸಬೇಕಾಗಿದೆ? ರೋಗ ಇವರದಲ್ಲ, ಗಾಡಿ ಓಡಿಸುವವರು ಹಿಂದಿನ ಸೀಟಿನಲ್ಲಿ ಕಾಲು ಚಾಚುವುದಿಲ್ಲ. ಅಷ್ಟಕ್ಕೆ ಒಂದು ಭಾರ ಇಳಿಯಿತು.

ಅದು ಇಳಿಯುತ್ತಲೇ ಮೊನ್ನೆ ಪಕ್ಕದ ಫ್ಲ್ಯಾಟಿನ ಕೃಷ್ಣಾಬಾಯಿ ಸಕ್ಕರೆ ಕೇಳುವ ನೆವದಲ್ಲಿ ಬಂದು ಕುಳಿತಳು. ಸಕ್ಕರೆ ಅವಳಿಗೆ ಬೇಕಿರಲಿಲ್ಲ. "ನಾ ಏನೂ ಅನ್ನೂದಿಲ್ಲವಾ, ನೋಡಿದ್ದು ಹೇಳತೀನಿ. ಶನಿವಾರ ನಾರಾಯಣಗೂಡದಾಗ ಹೆಣ್ಣುಮಕ್ಕಳ ದವಾಖಾನಿ ಮುಂದ ನಿಮ್ಮ ಯಜಮಾನ್ರು ನಿಂತಿದ್ರು. ಕೂಡ ಒಬ್ಬಾಕಿ ಇದ್ಳು, ಸಣ್ಣ ವಯಸ್ಸಿನಾಕಿ, ತಲಿತುಂಬ ಸೆರಗು ಹೊದ್ದಿದ್ಳು, ಮಾರಿ ಕಾಣಲಿಲ್ಲ. ಡಬ್ಬ್ಯಾಗಿನ ಉಪ್ಪಿನಕಾಯಿ ಬೆರಳಿಲೆ ಚೀಪಾಕತ್ತಿದ್ಳು. ಇವರು ನೋಡಿಕೋತ ನಗಾಕತ್ತಿದ್ರು."

ಮೊದಲ ಗಳಿಗೆಯಲ್ಲಿ ಯಾವ ಹೆಂಡತಿಗೆ ಏನು ಅನ್ನಿಸುತ್ತದೋ ಅದೇ ನನಗೂ ಅನ್ನಿಸಿತು. ಕೃಷ್ಣಾಬಾಯಿಗೆ ಒಂದು ಬಟ್ಟಲು ಸಕ್ಕರೆ ಕೊಟ್ಟು ಕಳಿಸಿ, ಬಾಗಿಲು ಹಾಕಿಕೊಂಡು ಭರಣಿಯ ಮುಂದೆ ಕುಳಿತೆ. ಆಮೇಲೆ ಎದ್ದು ಅಡುಗೆ ಮಾಡಿದೆ. ಕೆಲಸದವಳು ಬಂದಾಗ ಅವಳ ಕೈಗೆ ಉಪ್ಪಿನಕಾಯಿ ಜಾಸ್ತಿಯೇ ಹಾಕಿ ಕೊಟ್ಟೆ. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ನಿನ್ನ ಅಪ್ಪನನ್ನು ನಾನು ಏನೂ ಕೇಳಿಲ್ಲ. ಅವರು ಕಿವಿ ತುರಿಸಿಕೊಳ್ಳುವುದನ್ನು ನೋಡಲು ಈಗ ನನಗೆ ಮನಸ್ಸಿಲ್ಲ.

ಅಳಿಯಂದಿರನ್ನು ಕೇಳಿದೆ ಎಂದು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ಮನೆದೇವರು ನಿನ್ನನ್ನು ತಣ್ಣಗಿಟ್ಟಿರಲಿ, ನಿನ್ನ ಮಡಿಲು ತುಂಬಿರಲಿ.

ನಿನ್ನ ಅವ್ವ,
ಶಿವದೇವಿ

ತಾ.ಕ.: ಸೆರಗು ಎಷ್ಟು ಹೊದ್ದರೇನು, ಉಪ್ಪಿನಕಾಯಿಯನ್ನು ಬೆರಳಿನಿಂದ ಚೀಪುವವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಒಬ್ಬಳೇ. ಇದು ಮೂರನೆಯದು, ಅಲ್ಲವೇ? ಬೀದರಿನಿಂದ ಇಲ್ಲಿಯ ದವಾಖಾನೆಗೆ ಬಸ್ಸಿನಲ್ಲಿ ಬರುವುದು ಬೇಡವೆಂದು ಡಾಕ್ಟರು ಹೇಳಿರಬೇಕು, ಅದಕ್ಕೇ ಈ ಕಾರು. ಐದು ತಿಂಗಳು ತುಂಬುವ ತನಕ ಅವ್ವನಿಗೆ ಹೇಳಬೇಡಿ ಎಂದು ನೀನೇ ಹೇಳಿರುತ್ತೀ. ನನ್ನ ಮೇಲಿನ ಮಮತೆಯಿಂದಲೇ ಹೇಳಿದ್ದೀ ಎಂದು ಗೊತ್ತು. ಆದರೂ ಶೈಲಾ, ನನ್ನ ಊರಿಗೆ ಬಂದು, ನನ್ನ ಕೈಯ ಉಪ್ಪಿನಕಾಯಿಯನ್ನು ಬೀದಿಯಲ್ಲಿ ನಿಂತು ತಿಂದು, ನನ್ನ ಮುಖ ನೋಡದೆ ಬೀದರಿಗೆ ಹೊರಟುಹೋದೆ. ಅದರಿಂದ ನನಗೆ ಬಹಳ ನೋವಾಯಿತು. ಆ ಸೀಟಿನಲ್ಲಿ ನಿನ್ನ ಬದಲು ಕೂತು ತಂಬಿಗೆ ಕಾಯ್ದವಳು ನಾನು, ಏನನ್ನು ಕಾಯುತ್ತಿದ್ದೇನೆಂದು ನನಗೊಬ್ಬಳಿಗೇ ಗೊತ್ತಿರಲಿಲ್ಲ. ಅಳುವುದಿಲ್ಲ ಎಂದು ಮಾತು ಕೊಡಲಾರೆ. ಅತ್ತರೂ ಈ ಸಲ ಅನ್ನ ಉಣ್ಣುತ್ತೇನೆ, ನಿನಗೂ ಉಣಿಸುತ್ತೇನೆ. ಒಳಕೋಣೆಯ ಮಂಚಕ್ಕೆ ಹೊಸ ಗಾದಿ ಹಾಕಿದ್ದೇನೆ. ಶನಿವಾರದೊಳಗೆ ಒಂದು ಮಾತು ತಿಳಿಸು. ನೀನು ಹೆರಿಗೆಯ ತನಕ ನನ್ನ ಮನೆಯಲ್ಲೇ ಇರುವುದಾದರೆ, ಇಲ್ಲಿಂದ ಆ ದವಾಖಾನೆಗೆ ಪೆಟ್ರೋಲ್ ಕಾರೇ ಸಾಕು.