ಗುರುವಾರದ ಮೂಲಂಗಿ

ಶುಕ್ರವಾರ, ತಾರೀಕು ಹದಿನೆಂಟು
ಅಡುಗೆಮನೆಯ ಮೇಜಿನಿಂದ

ಒಂಬತ್ತೂ ಮುಕ್ಕಾಲು ಬೆರಳಿನ ಯಜಮಾನರೇ,

ಬಹುವಚನ ಕಂಡು ಹಿಗ್ಗಬೇಡಿ. ಇದು ಗೌರವದ್ದಲ್ಲ, ಸಿಟ್ಟಿನದು.

ನಿಮ್ಮ ಕಾರ್ಡು ಮಂಗಳವಾರ ಬಂತು. ಮನೆ ಬಿಟ್ಟು ನಾಲ್ಕು ತಿಂಗಳಿಗೆ ಒಂದು ಕಾರ್ಡು, ಕಾರ್ಡಿನಲ್ಲಿ ನಾಲ್ಕು ಸಾಲು. ತಿಂಗಳಿಗೊಂದರಂತೆ ಹಂಚಿದ್ದೀರಿ ಅಂತ ಕಾಣುತ್ತದೆ. ನಿಮ್ಮ ಪೀಠೋಪಕರಣದ ಅಂಗಡಿಯವರು ಬೇರೆ ಊರಿನಲ್ಲಿ ಶಾಖೆ ತೆರೆಯುತ್ತಿದ್ದಾರೆ, ನಿಮ್ಮನ್ನು ಅಲ್ಲಿಗೆ ಕಳಿಸುತ್ತಾರೆ, ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಹೋಗಲಾ, ಮನೆಗೆ ಬರಲಾ, ಒಂದೇ ಪದದಲ್ಲಿ ಬರೆ ಅಂದಿದ್ದೀರಿ. ಎಲ್ಲಿದ್ದೆ, ಯಾರ ಜೊತೆ ಇದ್ದೆ ಅಂತ ಒಂದೇ ಒಂದು ಪ್ರಶ್ನೆ ಬಂದರೂ ರೈಲು ಹತ್ತಿದೆ ಅಂದುಕೋ ಅಂತ ಮೂರನೇ ಸಾಲು. ನಾಲ್ಕನೆಯದು ದೂರು: ಅಣ್ಣನ ಮನೆಯ ಮುಂದೆ ನೀವು ಇಟ್ಟುಕೊಂಡಿರುವ ಮಣ್ಣಿನ ಪೆಟ್ಟಿಗೆಯಿಂದ ಪ್ರತಿ ಗುರುವಾರ ಒಂದು ಮೂಲಂಗಿ ಕಾಣೆಯಾಗುತ್ತಿದೆ, ಅತ್ತಿಗೆ ಆಣೆ ಮಾಡಿ ತಾನಲ್ಲ ಅನ್ನುತ್ತಾರೆ.

ಗಂಡ ಕಾಣೆಯಾದವಳಿಗೆ ಮೂಲಂಗಿ ಕಾಣೆಯಾದ ಕಥೆ ಹೇಳುತ್ತೀರಲ್ಲ, ನಿಮ್ಮ ಧೈರ್ಯಕ್ಕೆ ಮೆಚ್ಚಬೇಕು.

ಒಂದು ಪದ ಬರೆಯೋಣ ಅಂತಲೇ ಕೂತೆ. ಆದರೆ ಇಪ್ಪತ್ತು ವರ್ಷದಿಂದ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು ನಾನು. ಸರಿಯಾಗಿದೆ ಅಂತ ಕಾಣುವ ಸಾಲನ್ನೇ ಎರಡು ಸಲ ಓದುವುದು ನನ್ನ ಕಸುಬು. ಅದಕ್ಕೆ ನೀವು ಅನುಮಾನದ ಅಂಗಡಿ ಅಂತ ಹೆಸರಿಟ್ಟಿರಿ. ಆಗಲಿ, ಈ ಪತ್ರದ ಮಟ್ಟಿಗೆ ಅಂಗಡಿ ಮುಚ್ಚಿದೆ. ಪ್ರಶ್ನೆ ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಹಿತ್ತಲಲ್ಲಿ ನಿಮ್ಮ ಪೆಟ್ಟಿಗೆ ಹಾಗೇ ಇದೆ. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಮೇಲೆ ದಾರ ಬಿಗಿದ ಹದಿನಾರು ಚೌಕ. ನೀವು ಹೋದ ದಿನ ಇದಕ್ಕೆ ಒಂದು ತೊಟ್ಟು ನೀರೂ ಹಾಕುವುದಿಲ್ಲ ಅಂತ ನಿರ್ಧರಿಸಿದ್ದೆ. ನಿಮ್ಮ ತಪ್ಪಿಗೆ ಟೊಮೇಟೊಗೆ ಯಾಕೆ ಶಿಕ್ಷೆ ಅಂತ ಎರಡನೇ ದಿನ ಹಾಕಿದೆ. ನೀವು ರಟ್ಟಿನ ಮೇಲೆ ಬರೆದು ಗೋಡೆಗೆ ಹೊಡೆದ ನಿಯಮದಂತೆಯೇ ನಡೆಸಿದೆ: ಒಂದು ಚೌಕಕ್ಕೆ ಟೊಮೇಟೊ ಒಂದೇ, ಸೊಪ್ಪು ನಾಲ್ಕು, ಬೀಟ್‌ರೂಟ್ ಒಂಬತ್ತು, ಕ್ಯಾರೆಟ್ ಹದಿನಾರು. ಒಂದು ಚೌಕ ಖಾಲಿಯಾದರೆ ಒಂದು ಬೊಗಸೆ ಗೊಬ್ಬರ ಬೆರೆಸಿ ಬೇರೆ ಜಾತಿಯದನ್ನು ಹಾಕುವುದು. ಒಂದು ಕುಳಿಗೆ ಎರಡು ಬೀಜ, ಎರಡೂ ಹುಟ್ಟಿದರೆ ಒಂದನ್ನು ಕತ್ತರಿಯಿಂದ ಕತ್ತರಿಸುವುದು. ಕೀಳಬಾರದು, ಕಿತ್ತರೆ ಪಕ್ಕದ್ದರ ಬೇರು ಅಲ್ಲಾಡುತ್ತದೆ.

ಈ ಕೊನೆಯದೊಂದು ನನ್ನಿಂದ ಆಗಲಿಲ್ಲ. ಕತ್ತರಿ ಹಿಡಿದು ಕೂರುತ್ತೇನೆ, ಎರಡು ಸಸಿ ಕತ್ತು ಎತ್ತಿ ನೋಡುತ್ತವೆ, ಇವೆರಡರಲ್ಲಿ ಹೆಚ್ಚಿನವಳು ಯಾರು ಅಂತ ತೀರ್ಮಾನಿಸುವುದರಲ್ಲಿ ಸಂಜೆಯಾಗುತ್ತದೆ. ಆ ವಿಷಯದಲ್ಲಿ ನಾನು ಒಮ್ಮೆ ತೀರ್ಮಾನ ಕೊಟ್ಟು ಏನಾಯಿತು ಅಂತ ನಿಮಗೆ ಗೊತ್ತು. ಹಾಗೇ ಬಿಟ್ಟೆ.

ಮೂರು ವಾರದ ಹಿಂದೆ ಶುರುವಾಯಿತು. ಈ ಊರಿನಲ್ಲಿ ನಮ್ಮ ಪ್ರೆಸ್ಸು, ನಿಮ್ಮ ಅಂಗಡಿ, ಆ ಬೀಜದಂಗಡಿ, ಎಲ್ಲಕ್ಕೂ ಗುರುವಾರವೇ ರಜೆ ತಾನೆ. ಗುರುವಾರ ಮಧ್ಯಾಹ್ನ ನಾನು ಒಂದು ಸಣ್ಣ ಕೆಲಸಕ್ಕೆ ಹೊರಗೆ ಹೋಗುತ್ತೇನೆ. ಏನು ಕೆಲಸ ಅಂತ ನೀವೂ ಕೇಳಬೇಡಿ. ವಾಪಸ್ ಬಂದು ನೋಡಿದರೆ ಬೀಟ್‌ರೂಟ್ ಚೌಕದಲ್ಲಿ ಒಂಬತ್ತು ಜೋಡಿ ಇದ್ದದ್ದು ಒಂಬತ್ತು ಒಂಟಿಯಾಗಿವೆ. ಮಣ್ಣಿನ ಮಟ್ಟಕ್ಕೆ, ಓರೆಯಾಗಿ, ಕತ್ತರಿಯಿಂದಲೇ ಕತ್ತರಿಸಿದ್ದು. ಮುಂದಿನ ಗುರುವಾರ, ನಾನು ಖಾಲಿ ಮಾಡಿದ್ದ ಮೂಲಂಗಿ ಚೌಕಕ್ಕೆ ಗೊಬ್ಬರ ಬಿದ್ದು ಹುರುಳಿಕಾಯಿ ಬೀಜ ಊರಿ ಆಗಿತ್ತು. ಅದರ ಮುಂದಿನ ವಾರ ಟೊಮೇಟೊ ಗಿಡವನ್ನು ಯಾರೋ ನೀಲಿ ಬಟ್ಟೆಯ ಚೂರಿನಿಂದ ಕೋಲಿಗೆ ಕಟ್ಟಿದ್ದರು. ಕದಿಯುವವರನ್ನು ಬೈಯಬಹುದು. ಬಂದು ಕೆಲಸ ಮಾಡಿ ಹೋಗುವವರನ್ನು ಏನಂತ ಬೈಯುವುದು?

ದಾರ ಕಟ್ಟಿದ ಚೌಕ ಹದಿನಾರು,
ನಾನಿಲ್ಲದಾಗ ಬಂದವರು ಯಾರು?

ಪ್ರಾಸ ಬಂತು ಅಂತ ಮುಖ ಸಿಂಡರಿಸಬೇಡಿ, ಅದೂ ನಾಲ್ಕು ತಿಂಗಳಿಂದ ಹೊಟ್ಟೆಯಲ್ಲೇ ಇತ್ತು.

ಮೊದಲ ಅನುಮಾನ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರ ಮೇಲೆ. ನಿವೃತ್ತಿಯಾದರೂ ಕೊರಳಿನ ಸೀಟಿ ತೆಗೆಯದ ಮನುಷ್ಯ. ಕಾಂಪೌಂಡಿನ ಮೇಲಿಂದ ನನ್ನ ಕ್ಯಾರೆಟ್ ಎಣಿಸುವುದನ್ನು ನಾನೇ ಕಂಡಿದ್ದೇನೆ. ಮೇಷ್ಟ್ರೇ, ನಮ್ಮ ಹಿತ್ತಲಿಗೆ ಬಂದಿದ್ರಾ ಅಂದೆ. ಅಮ್ಮಾ, ನನ್ನ ಮೊಣಕಾಲಲ್ಲಿ ನಾನು ನನ್ನ ಹಿತ್ತಲಿಗೇ ಹೋಗೋಕಾಗಲ್ಲ, ನಿಮ್ಮ ಗೋಡೆ ಹಾರ್ತೀನಾ ಅಂದರು. ಅದು ನಿಜವೇ. ಆದರೆ ಮಾತು ಮುಗಿಸಿ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಎರಡನೇ ಅನುಮಾನ ನಿಮ್ಮ ಮೇಲೆ. ಹಿತ್ತಲ ಗೇಟಿನ ಚಿಲಕ ಹೊರಗಿನಿಂದ ಕೈ ಹಾಕಿದರೆ ತೆಗೆಯುತ್ತದೆ ಅಂತ ಗೊತ್ತಿರುವವರು ನಾವಿಬ್ಬರೇ. ಸಾಕ್ಷಿಗೆ ಹುರುಳಿಕಾಯಿ ಚೌಕ ಕೆದಕಿದೆ. ಗರಗಸ ನಿಮ್ಮ ತೋರುಬೆರಳಿನ ತುದಿ ತಿಂದಾಗಿನಿಂದ ನೀವು ತೋಡುವ ಕುಳಿ ಅರ್ಧ ಇಂಚಿಗೆ ನಿಲ್ಲುತ್ತದೆ, ತಳ ಮೊಂಡಾಗಿರುತ್ತದೆ. ಪ್ರೆಸ್ಸಿನ ಅಳತೆಪಟ್ಟಿ ಇಳಿಸಿ ನೋಡಿದೆ: ಪೂರಾ ಒಂದಿಂಚು, ತಳದಲ್ಲಿ ಉಗುರಿನ ಗುರುತು. ಆ ಬೆರಳು ಪೂರ್ತಿಯಿದೆ. ನೀವಲ್ಲ.

ನೀವಲ್ಲ ಅಂತ ಗೊತ್ತಾದಾಗ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಯಾಕೆ ಅಂತ ಬರೆಯುವುದಿಲ್ಲ.

ಈ ಬುಧವಾರ ಪೆಟ್ಟಿಗೆಯ ಸುತ್ತ ಹಿಟ್ಟು ಉದುರಿಸಿದೆ. ಬೆಳಿಗ್ಗೆ ಸಿಕ್ಕಿದ್ದು ಮೇಷ್ಟ್ರ ಬೆಕ್ಕಿನ ಹೆಜ್ಜೆ ಮತ್ತು ಸಾವಿರ ಇರುವೆ. ಅದಕ್ಕೇ ನಿನ್ನೆ ನನ್ನ ಆ ಸಣ್ಣ ಕೆಲಸ ಬಿಟ್ಟು, ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದಂತೆ ಕಾಣುವ ಹಾಗೆ ಮಾಡಿ, ಬಚ್ಚಲಮನೆಯ ಕಿಟಕಿಯ ಹಿಂದೆ ಸ್ಟೂಲು ಹಾಕಿಕೊಂಡು ಕೂತೆ. ಸರಿಯಾಗಿ ಮೂರೂ ಐದಕ್ಕೆ ಗೇಟಿನ ಸಂದಿಯಿಂದ ಒಂದು ಕೈ ಬಂತು. ಚಿಲಕ ತೆಗೆಯಿತು. ಒಳಗೆ ಬಂದವಳು ಬೀಜದಂಗಡಿಯವಳು.

ಅವಳೇ. ಯಾರ ಹೆಸರು ಎತ್ತಿ ನಾನು ನಿಮ್ಮನ್ನು ಮನೆಯಿಂದ ಹೊರಡಿಸಿದೆನೋ ಅವಳೇ. ಶನಿವಾರ ಸಂಜೆ ಗಿರಾಕಿಗಳ ಮನೆಗೆ ಅಳತೆ ತೆಗೆಯೋಕೆ ಹೋಗ್ತೀನಿ ಅಂತ ಹೇಳಿ ನೀವು ಯಾರ ಅಂಗಡಿಯ ಹಿಂಬಾಗಿಲಿನಿಂದ ನಗುನಗುತ್ತಾ ಹೊರಗೆ ಬಂದದ್ದನ್ನು ನಾನು ಕಂಬದ ಮರೆಯಲ್ಲಿ ನಿಂತು ನೋಡಿದೆನೋ ಅವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕತ್ತರಿ ತೆಗೆದು, ನನ್ನ ಕ್ಯಾರೆಟ್ ಚೌಕದ ಮುಂದೆ ಕುಕ್ಕರಗಾಲಲ್ಲಿ ಕೂತಳು.

ದಡಾರನೆ ಬಾಗಿಲು ತೆಗೆದು ಯಾರಮ್ಮಾ ನೀನು ಅಂದೆ. ಗೊತ್ತಿದ್ದೂ ಅಂದೆ. ಅವಳು ಬೆಚ್ಚಲಿಲ್ಲ. ಅಯ್ಯೋ ಅಕ್ಕಾ, ಇವತ್ತು ಮನೇಲೇ ಇದೀರಾ ಅಂತ ತಪ್ಪನ್ನು ನನ್ನ ಮೇಲೇ ಹೊರಿಸಿದಳು. ಇದು ನನ್ನ ಮನೆ ಅಂದೆ. ಅದ್ಸರಿ, ಆದ್ರೆ ಗುರುವಾರ ಮೂರರಿಂದ ನಾಲ್ಕು ನೀವು ಖಂಡಿತಾ ಇರಲ್ಲ ಅಂದಿದ್ರು ಅಣ್ಣ, ಅಂದಳು. ‘ಅಣ್ಣ’ ಅನ್ನುವ ಪದವನ್ನು ನಾನು ಮನಸ್ಸಿನಲ್ಲಿ ಎರಡು ಸಲ ಓದಿದೆ. ತಪ್ಪು ಕಾಣಲಿಲ್ಲ.

ನೀವೇ ಫೋನ್ ಮಾಡಿ ಕಳಿಸಿದ್ದಂತೆ. ಅವಳ ಕೈಲಿ ಸಸಿ ಕತ್ತರಿಸೋಕೆ ಆಗಲ್ಲ, ಜೋಡಿ ಹಾಗೇ ಬಿಟ್ಟಿರ್ತಾಳೆ, ನೀನೇ ಹೋಗಿ ತೆಗೆದು ಬಾ ಅಂದಿರಂತೆ. ಅಕ್ಕಾ, ನನ್ನ ಬಗ್ಗೆ ನೀವು ಬೀದಿ ತುಂಬ ಏನೇನು ಆಡಿದೀರಿ ಅಂತ ಎಲ್ಲಾ ಗೊತ್ತು, ಸಿಟ್ಟು ನಂಗೂ ಇದೆ, ಆದ್ರೆ ಬೀಟ್‌ರೂಟ್ ಏನ್ ಪಾಪ ಮಾಡಿತ್ತು ಅಂತ ಕೇಳಿದಳು. ಟೊಮೇಟೊ ವಿಷಯದಲ್ಲಿ ನಾನು ಕೇಳಿಕೊಂಡದ್ದೂ ಇದೇ ಪ್ರಶ್ನೆ. ಆದರೂ ಬಿಡಲಿಲ್ಲ. ಹಾಗಾದರೆ ಶನಿವಾರ ಸಂಜೆ ಅಲ್ಲಿ ಏನು ನಡೆಯುತ್ತಿತ್ತು ಹೇಳು ಅಂದೆ. ಹೇಳಲ್ಲ, ಹೇಳಬಾರ್ದು ಅಂತ ಮಾತು ತಗೊಂಡಿದಾರೆ. ತೋರಿಸಬಾರ್ದು ಅಂತ ತಗೊಂಡಿಲ್ಲ, ಬನ್ನಿ, ಅಂದಳು.

ಅವಳ ಅಂಗಡಿಯ ಹಿಂದಿನ ತಗಡಿನ ಶೆಡ್ಡು ನೋಡಿ ಬಂದೆ.

ಗೋಡೆಗೆ ಒರಗಿಸಿದ ಹಲಗೆಗಳು. ಬೀದಿಯ ಅರ್ಧ ಮನೆಗಳಿಗೆ ನೀವು ಮಾಡಿಕೊಟ್ಟ ಮಣ್ಣಿನ ಪೆಟ್ಟಿಗೆಗಳ ಪಟ್ಟಿ; ಅದರಲ್ಲಿ ಡ್ರಿಲ್ ಮೇಷ್ಟ್ರದೂ ಒಂದು. ಅವರ ನಗು ಈಗ ಅರ್ಥವಾಯಿತು. ಎರಡು ಕೈಯ ಬೆರಳು ಹೆಣೆದ ಹಾಗೆ ಹಲ್ಲು ಕೂಡಿಸಿದ ಮೂಲೆಗಳು. ಮತ್ತು ಮೊಳೆಗೆ ನೇತುಹಾಕಿದ ಗರಗಸ, ಎಣ್ಣೆ ಹಚ್ಚಿ ಒರೆಸಿಟ್ಟದ್ದು. ಮುಟ್ಟುವುದಿಲ್ಲ ಅಂತ ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದು ಮಾತು ಕೊಟ್ಟಿದ್ದಿರಲ್ಲ, ಆ ಜಾತಿಯದು. ನಮ್ಮ ಹಿತ್ತಲಿನ ಪೆಟ್ಟಿಗೆಯ ಹಲಗೆ ರೆಡಿಮೇಡ್ ತಂದದ್ದು ಅಂದಿದ್ದಿರಿ. ಅದೂ ಸುಳ್ಳು.

ಅಂದರೆ ನೀವು ಸುಳ್ಳು ಹೇಳುತ್ತಿದ್ದೀರಿ ಅಂತ ನಾನು ಹಿಡಿದದ್ದು ಸರಿ. ವಿಳಾಸ ಮಾತ್ರ ತಪ್ಪು. ಶನಿವಾರ ಬಂದಾಗಲೆಲ್ಲ ನಿಮ್ಮ ಕಾಲರಿನಲ್ಲಿ ಮರದ ಹೊಟ್ಟು ಇರುತ್ತಿತ್ತು. ಕುರ್ಚಿ ಮಾರಿ ಬಿಲ್ ಬರೆಯುವವನ ಕಾಲರಿಗೆ ಹೊಟ್ಟು ಎಲ್ಲಿಂದ ಬರಬೇಕು? ದಿನಕ್ಕೆ ಅರವತ್ತು ಪುಟ ತಿದ್ದುವವಳು ಇಷ್ಟು ದಪ್ಪ ತಪ್ಪನ್ನು ಬಿಟ್ಟೆ.

ಹುಡುಕಿದ್ದು ಕೂದಲು, ಕಣ್ಣೆದುರಿದ್ದದ್ದು ಹೊಟ್ಟು,
ನನಗೇ ತಿಳಿಯಲಿಲ್ಲ ನನ್ನ ಮನೆಯ ಗುಟ್ಟು.

ಶೆಡ್ಡಿನ ಮೂಲೆಯಲ್ಲಿ ಗೋಣಿ ಮುಚ್ಚಿದ್ದು ಒಂದಿತ್ತು. ತೆಗೆಯಲಾ ಅಂದೆ. ಅದು ನಿಮ್ದೇ, ನಾನ್ಯಾಕೆ ಬೇಡ ಅನ್ನಲಿ ಅಂದಳು. ಕಾಲಿನ ಮೇಲೆ ನಿಲ್ಲುವ ಪೆಟ್ಟಿಗೆ. ಮೂರು ಕಾಲು ಕೂಡಿಸಿ ಆಗಿದೆ, ನಾಲ್ಕನೆಯದು ಪಕ್ಕದಲ್ಲಿ ಮಲಗಿದೆ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಮೂವತ್ತೈದು ಇಂಚು ಅಂತ ಬರೆದಿದೆ. ಕರಡಿನ ಮೇಲೆ ಬಗ್ಗಿ ಬಗ್ಗಿ ಅವಳ ಸೊಂಟ ಹೋಗಿದೆ, ಅವಳು ನಿಂತುಕೊಂಡೇ ಬೆಳೀಬೇಕು ಅಂತ ಅಣ್ಣ ಹೇಳ್ತಿದ್ರು, ಅಂದಳು. ನೀವು ಮನೆ ಬಿಟ್ಟ ದಿನ ನಿಲ್ಲಿಸಿದ ಕೆಲಸವಂತೆ.

ಮನೆಗೆ ಬಂದು ಟೇಪು ಹಿಡಿದು ಅಡುಗೆಮನೆಯ ಬಾಗಿಲ ಚೌಕಟ್ಟಿನ ಹತ್ತಿರ ಹೋದೆ. ಅಲ್ಲಿ ಐದು ತಿಂಗಳಿಂದ ಒಂದು ಪೆನ್ಸಿಲ್ ಗೆರೆಯಿದೆ. ಯಾವ ಸಂಕೇತವೋ, ಯಾರಿಗೆ ಕೊಟ್ಟ ಗುರುತೋ ಅಂತ ಎಷ್ಟು ದಿನ ಅದನ್ನು ನೋಡಿಕೊಂಡೇ ಊಟ ಮಾಡಿದ್ದೇನೆ. ಮೂವತ್ತೈದು ಇಂಚು. ಪಕ್ಕದಲ್ಲಿ ನಿಂತೆ. ಸರಿಯಾಗಿ ನನ್ನ ಸೊಂಟಕ್ಕೆ ಬಂತು. ನಾನು ಒಲೆಯ ಮುಂದೆ ನಿಂತು ನಿಮ್ಮನ್ನು ಬೈಯುತ್ತಿದ್ದಾಗ ಹಿಂದಿನಿಂದ ಅಳೆದಿರಬೇಕು. ಬೈಗುಳ ನಡುವೆ ನಿಲ್ಲಿಸಿ ತಿರುಗಿದ್ದರೆ ಈ ನಾಲ್ಕು ತಿಂಗಳು ಉಳಿಯುತ್ತಿತ್ತು.

ತಪ್ಪು ನಿಮ್ಮ ಒಬ್ಬರದೇ ಅಂತ ಈಗ ಬರೆಯಲಾರೆ. ಬಡಗಿಯ ಕೈಯಿಂದ ಗರಗಸ ಕಿತ್ತು ಬಿಲ್ ಪುಸ್ತಕ ಕೊಟ್ಟವಳು ನಾನು. ಆ ದಿನ ಬಟ್ಟೆಯಲ್ಲಿ ಸುತ್ತಿದ ನಿಮ್ಮ ಕೈ ನೋಡಿ ನನಗೆ ಬಂದ ಹೆದರಿಕೆ ಇನ್ನೂ ಇಳಿದಿಲ್ಲ. ಅದನ್ನು ಹೆದರಿಕೆ ಅಂತ ಹೇಳಲು ನಾಚಿಕೆಯಾಗಿ ಆಜ್ಞೆ ಅಂತ ಹೇಳಿದೆ. ನೀವೂ ಕಡಿಮೆಯಿಲ್ಲ. ಗರಗಸ ಮುಟ್ಟಿದೆ ಅನ್ನುವ ಬದಲು ಹೆಂಗಸಿನ ಅಪವಾದವನ್ನೇ ತಲೆ ಮೇಲೆ ಹೊತ್ತು ನಡೆದಿರಿ. ನನ್ನ ಬೈಗುಳಕ್ಕಿಂತ ನನ್ನ ಹೆದರಿಕೆಗೇ ಹೆಚ್ಚು ಅಂಜುತ್ತೀರಿ ಅಂತ ಇಪ್ಪತ್ತು ವರ್ಷ ಆದ ಮೇಲೆ ಬೀಜದಂಗಡಿಯವಳಿಂದ ತಿಳಿಯಬೇಕಾಯಿತು. ಅವಳ ಕೈ ಹಿಡಿದು ತಪ್ಪಾಯಿತು ಅಂದೆ. ಅದಿರ್ಲಿ ಅಕ್ಕಾ, ಬೀದೀಲೂ ಒಂದ್ ಸಲ ಹೇಳ್ಬಿಡಿ, ಆಡಿದ್ದು ಅಲ್ಲೇ ತಾನೆ ಅಂದಳು. ಇವತ್ತು ಬೆಳಿಗ್ಗೆ ಅವಳ ಅಂಗಡಿಯ ಮುಂದೆ ನಾಲ್ಕು ಜನರ ಎದುರು ಹೇಳಿ ಬಂದೆ. ಮೇಷ್ಟ್ರು ಸೀಟಿ ಊದಲಿಲ್ಲ, ಅದೇ ಪುಣ್ಯ.

ಮಾತನ್ನು ವಾಪಸ್ ಕೊಡುತ್ತಿದ್ದೇನೆ. ಗರಗಸ ಮುಟ್ಟಿ. ಆದರೆ ಕೊಯ್ಯುವಾಗ ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಶುರುವಿಗೆ ಒಂದು ಸಲ, ಕೊನೆಗೆ ಒಂದು ಸಲ ಬೆರಳು ಎಣಿಸುತ್ತೇನೆ. ಒಂಬತ್ತೂ ಮುಕ್ಕಾಲಿಗಿಂತ ಕಡಿಮೆಯಾಗುವಂತಿಲ್ಲ. ನಾಲ್ಕನೇ ಕಾಲು ಕೂಡಿಸದೆ ಆ ಪೆಟ್ಟಿಗೆ ನಿಲ್ಲುವುದಿಲ್ಲ, ನಾನೂ ಸೊಂಟ ನೋವು ಅಂತ ಎಷ್ಟು ದಿನ ಗೋಡೆಗೆ ಹೇಳಲಿ.

ಇಂತಿ,
ಮುಚ್ಚಿದ ಹಾಗೆ ಕಾಣುವ
ಅನುಮಾನದ ಅಂಗಡಿ

ತಾ.ಕ. ಒಂದು ಅನುಮಾನ ಮಾತ್ರ ಉಳಿದಿದೆ. ನಿನ್ನೆ ನಿನ್ನ ಪೆಟ್ಟಿಗೆಯಲ್ಲಿ ಮೂಲಂಗಿ ಕಳುವಾಗಲಿಲ್ಲ, ಅಲ್ಲವಾ? ಕಳ್ಳಿಗೆ ಮನೆಯಲ್ಲಿ ಕೆಲಸವಿತ್ತು. ರಜೆಯ ದಿನ ಮೂರರಿಂದ ನಾಲ್ಕು ನೀನು ಗೊರಕೆ ಹೊಡೆಯುತ್ತೀಯ ಅನ್ನುವ ನಂಬಿಕೆಯ ಮೇಲೆ ಎರಡು ಬಸ್ ಸ್ಟಾಪು ದಾಟಿ ಬರುತ್ತಿದ್ದೆ. ಒಂದು ಕಿತ್ತು, ಬಸ್ಸಿನಲ್ಲೇ ಒರೆಸಿ ತಿನ್ನುತ್ತಿದ್ದೆ. ಆದರೆ ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಖಂಡಿತಾ ಇರುವುದಿಲ್ಲ ಅಂತ ನೀನು ಬೀಜದಂಗಡಿಯವಳಿಗೆ ಅಷ್ಟು ಗಟ್ಟಿಯಾಗಿ ಹೇಗೆ ಹೇಳಿದೆ? ಅಣ್ಣನ ಮನೆಯ ಕಿಟಕಿಯ ಪರದೆ ಅಲ್ಲಾಡುತ್ತಿದ್ದದ್ದು ಗಾಳಿಗಲ್ಲ ಹಾಗಾದರೆ. ಪ್ರತಿ ವಾರ ಎಲ್ಲಕ್ಕಿಂತ ದಪ್ಪನೆಯ ಮೂಲಂಗಿ ಗೇಟಿನ ಕಡೆಯ ಅಂಚಿನಲ್ಲೇ, ಬಗ್ಗದೆ ಕೈಗೆ ಸಿಗುವ ಹಾಗೆ ಇರುತ್ತಿದ್ದದ್ದೂ ಸುಮ್ಮನೆ ಅಲ್ಲ.

ಕೇಳಿದ್ದ ಒಂದು ಪದ ಮರೆತಿದ್ದೆ: ಬಾ.
ಬರುವಾಗ ಅಂಚಿನ ಮೂಲಂಗಿ ತಾ.